ರಿಪಲ್ ರಾಕ್: ಮೇಲಿಂದ ಒಡೆಯಲಾಗದ ಬಂಡೆಗೆ ಕೆಳಗಿಂದ ಮದ್ದು ತುಂಬಿದ್ದು ಯಾಕೆ?

ನಕ್ಷೆಹುಚ್ಚ:
ಎಲ್ಲರಿಗೂ ನಮಸ್ಕಾರ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ವ್ಯಾಂಕೂವರ್ ದ್ವೀಪಕ್ಕೂ ಕ್ವಾಡ್ರಾ ದ್ವೀಪಕ್ಕೂ ನಡುವೆ ಸೀಮೋರ್ ನ್ಯಾರೋಸ್ ಅಂತ ಒಂದು ಇಕ್ಕಟ್ಟಿನ ಜಲಮಾರ್ಗ ಇದೆ. ಕ್ಯಾಂಪ್ಬೆಲ್ ರಿವರ್ ಪಟ್ಟಣದ ಹತ್ತಿರ. ಅದರ ನಟ್ಟನಡುವೆ ರಿಪಲ್ ರಾಕ್ ಅನ್ನೋ ಎರಡು ತಲೆಯ ಬಂಡೆ ನೀರೊಳಗೆ ಕೂತಿತ್ತು. ಇಳಿತದ ಹೊತ್ತಲ್ಲಿ ಒಂದು ತಲೆ ನೀರಿನಿಂದ 9 ಅಡಿ ಕೆಳಗೆ, ಇನ್ನೊಂದು 21 ಅಡಿ ಕೆಳಗೆ. 20 ದೊಡ್ಡ ಹಡಗು, 100ಕ್ಕೂ ಹೆಚ್ಚು ಸಣ್ಣಪುಟ್ಟ ದೋಣಿ ಅದಕ್ಕೆ ಬಡಿದು ಹಾಳಾದವು ಇಲ್ಲಾ ಮುಳುಗಿದವು, ನೂರಕ್ಕೂ ಮೇಲೆ ಜನ ಸತ್ತರು. ಕೊನೆಗೆ 1958ರ ಏಪ್ರಿಲ್ 5ರಂದು ಸಿಡಿಸಿ ತೆಗೆದರು.

ನನ್ನ ಪ್ರಶ್ನೆ ಇಷ್ಟೇ. ಬಂಡೆಯ ತಲೆ ನೀರಿನಿಂದ ಬರೀ 9 ಅಡಿ ಕೆಳಗಿದೆ. ಮೇಲೆ ಒಂದು ದೋಣಿ ನಿಲ್ಲಿಸಿ ಕುಳಿ ಕೊರೆದು ಮದ್ದು ಇಟ್ಟರೆ ಮುಗೀತಲ್ಲ? ಅದು ಬಿಟ್ಟು ಪಕ್ಕದ ದ್ವೀಪದಲ್ಲಿ ಬಾವಿ ತೋಡಿ, ಸಮುದ್ರದಡಿ ಮುಕ್ಕಾಲು ಕಿಲೋಮೀಟರ್ ಸುರಂಗ ಹೊಡೆದು, ಬಂಡೆಯ ಹೊಟ್ಟೆಯೊಳಗೆ ಹೋಗಿ 1,270 ಟನ್ ಸ್ಫೋಟಕ ತುಂಬಿದ್ದು ಯಾಕೆ? ಇಷ್ಟು ಸಣ್ಣ ಕೆಲಸಕ್ಕೆ ಅಷ್ಟು ಮದ್ದಾ?

ಸೊನ್ನೆಮೂರು:
ಸರ್ಕಾರಿ ದುಡ್ಡು. ಇನ್ನೇನು.

ಏರಿಳಿತ:
@ಸೊನ್ನೆಮೂರು ಸುಮ್ನೆ ಹಾಗೆ ಅನ್ನಬೇಡಿ. ಮೇಲಿಂದ ಕೊರೆಯೋಕೆ ಒಂದಲ್ಲ, ಎರಡು ಸಲ ನೋಡಿ ಸೋತ ಮೇಲೆ ಸುರಂಗಕ್ಕೆ ಹೋಗಿದ್ದು.

1943ರಲ್ಲಿ ತೇಲುವ ಬಾರ್ಜ್ (ಚಪ್ಪಟೆ ತಳದ ದೊಡ್ಡ ದೋಣಿ) ಮೇಲೆ ಡ್ರಿಲ್ ಕೂರಿಸಿ, ಅದನ್ನು ಆರು ಉಕ್ಕಿನ ಹಗ್ಗದಿಂದ ಒಟ್ಟು 1,000 ಟನ್ ಕಾಂಕ್ರೀಟ್ ಲಂಗರುಗಳಿಗೆ ಕಟ್ಟಿದ್ದರು. ಸರಾಸರಿ 48 ಗಂಟೆಗೆ ಒಂದು ಹಗ್ಗ ಕಿತ್ತು ಹೋಗ್ತಿತ್ತು. 1945ರಲ್ಲಿ ಜಲಮಾರ್ಗದ ಮೇಲೆ ಅಡ್ಡಲಾಗಿ ಎರಡು ದಪ್ಪ ಉಕ್ಕಿನ ತಂತಿ ಎಳೆದು, ಬಾರ್ಜನ್ನು ಮೇಲಿಂದ ಹಿಡಿದು ನಿಲ್ಲಿಸೋಕೆ ನೋಡಿದರು. 1,500 ಸ್ಫೋಟದ ಯೋಜನೆ, ಆಗಿದ್ದು 93. ಅಲ್ಲಿಗೆ ಕೈಬಿಟ್ಟರು.

ಕಾರಣ ಹರಿವು. ಅಲ್ಲಿ ಉಬ್ಬರ ಇಳಿತದ ಸೆಳೆತ 15 ನಾಟ್ ತನಕ ಹೋಗುತ್ತೆ. ಗಂಟೆಗೆ ಸುಮಾರು 28 ಕಿ.ಮೀ. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 7.7 ಮೀಟರ್ ಓಡುವ ಸಮುದ್ರದ ನೀರು ಎದುರಿಗೆ ಸಿಕ್ಕ ಒಂದು ಚದರ ಮೀಟರ್ ಮೇಲೆ ಸುಮಾರು 3 ಟನ್ ಭಾರ ಹಾಕುತ್ತೆ. ಬಾರ್ಜಿನ ಮೈ ನೀರೊಳಗೆ 20 ಚದರ ಮೀಟರ್ ಇದ್ರೂ 60 ಟನ್. ಅದೂ ಒಂದೇ ಸಮನೆ ಅಲ್ಲ, ಸುಳಿಗೆ ಸಿಕ್ಕಿ ಎಡಕ್ಕೆ ಬಲಕ್ಕೆ ಜಗ್ಗುತ್ತೆ. ಬಿಗಿದ ಹಗ್ಗದ ಸುತ್ತ ನೀರು ಹರಿದಾಗ ಅದು ತಂಬೂರಿ ತಂತಿ ಥರ ನಡುಗುತ್ತಿರುತ್ತೆ. ಎಳೆತಕ್ಕಿಂತ ಬೇಗ ಆ ನಡುಕಕ್ಕೇ ಉಕ್ಕು ದಣಿದು ಕಿತ್ತುಹೋಗುತ್ತೆ.

ಇನ್ನೊಂದು, ನೀರು ದಿಕ್ಕು ಬದಲಿಸುವಾಗ ನಿಂತಿರುವ ಹೊತ್ತು ಅಲ್ಲಿ ತೀರಾ ಕಮ್ಮಿ, ಒಂದು ಕಾಲು ಗಂಟೆ ಸಿಕ್ಕರೆ ಪುಣ್ಯ. ಅಷ್ಟರಲ್ಲಿ ಡ್ರಿಲ್ ಇಳಿಸಿ, ಕುಳಿ ಕೊರೆದು, ಮದ್ದು ತುಂಬಿ, ಬಾರ್ಜ್ ಸರಿಸಿ, ಸಿಡಿಸಬೇಕು. ಕುಳಿ ಅರ್ಧ ಆಗಿರುವಾಗ ಬಾರ್ಜ್ ಒಂದಡಿ ಜರುಗಿದರೆ ಡ್ರಿಲ್ ರಾಡ್ ಬಗ್ಗಿ ಒಳಗೇ ಕಚ್ಚಿಕೊಳ್ಳುತ್ತೆ.

ಮಲ್ಲಿಗೆಹಂಬು:
ತಂಬೂರಿ ತಂತಿ 😄 ಚೆನ್ನಾಗಿದೆ ಹೋಲಿಕೆ.

ಹಳೇಬಂದರು:
ಮಾರಾಯ್ರೆ, ಇದು ಹೊಳೆಯಲ್ಲ ಸಮುದ್ರ. ಶೀರ್ಷಿಕೆ ನೋಡಿ ಹೊಳೆಯ ಬಂಡೆ ಅಂತ ಗ್ರಹಿಸಿ ಬಂದೆ.

ನಕ್ಷೆಹುಚ್ಚ:
@ಹಳೇಬಂದರು ಶೀರ್ಷಿಕೆಯಲ್ಲಿ ಹೊಳೆ ಅಂತ ಎಲ್ಲೂ ಇಲ್ಲ ಸ್ವಾಮಿ. ಊರಿನ ಹೆಸರಲ್ಲಿ ರಿವರ್ ಇದೆ ಅಷ್ಟೇ. ಆದ್ರೆ ಅಲ್ಲಿ ನೀರು ಹರಿಯೋದು ಮಳೆಗಾಲದ ಹೊಳೆ ಥರಾನೇ, ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸೋ ಹೊಳೆ.

ಹಳೇಬಂದರು:
ಹಾಗಾದ್ರೆ ನಿಜವಾದ ಹೊಳೆಯ ಉದಾಹರಣೆ ಬೇಕಾದ್ರೆ ನ್ಯೂಯಾರ್ಕಿನ ಈಸ್ಟ್ ರಿವರ್‌ನ ಹೆಲ್ ಗೇಟ್ ಅನ್ನೋ ಇಕ್ಕಟ್ಟು ಉಂಟಲ್ಲ. ಅಲ್ಲಿನ ಫ್ಲಡ್ ರಾಕ್ ಬಂಡೆ. 1885. ಅದೂ ಸುರಂಗ ಹೊಡೆದೇ ತೆಗೆದದ್ದು.

ಏರಿಳಿತ:
😂 ಈಸ್ಟ್ ರಿವರ್ ಕೂಡ ಹೊಳೆಯಲ್ಲ! ಹೆಸರು ಮಾತ್ರ ರಿವರ್. ಒಂದು ತುದಿ ನ್ಯೂಯಾರ್ಕ್ ಕೊಲ್ಲಿ, ಇನ್ನೊಂದು ತುದಿ ಲಾಂಗ್ ಐಲೆಂಡ್ ಸೌಂಡ್, ಎರಡೂ ಉಪ್ಪು ನೀರು. ಎರಡು ಕಡೆಯ ಉಬ್ಬರ ಬೇರೆ ಬೇರೆ ಹೊತ್ತಿಗೆ ಬರೋದರಿಂದ ಒಂದು ಕಡೆ ನೀರು ಎತ್ತರ, ಇನ್ನೊಂದು ಕಡೆ ತಗ್ಗು. ಆ ವ್ಯತ್ಯಾಸಕ್ಕೇ ನೀರು ನುಗ್ಗೋದು. ಸೀಮೋರ್‌ನಲ್ಲೂ ಅದೇ ಕಥೆ, ಅಲ್ಲಿ ವ್ಯಾಂಕೂವರ್ ದ್ವೀಪದ ಉತ್ತರ ದಕ್ಷಿಣ ಎರಡೂ ಕಡೆಯಿಂದ ಉಬ್ಬರ ಸುತ್ತಿ ಬರುತ್ತೆ.

ಹಳೇಬಂದರು:
ಸರಿ ಸರಿ, ಸೋತೆ. ಆದ್ರೂ ಹೋಲಿಕೆ ಬಿಡೋದಿಲ್ಲ. 😀

ಕಲ್ಲುಕುಳಿ:
ಹೋಲಿಕೆ ಬಿಡಬೇಡಿ, ಮೂಲ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಹೆಲ್ ಗೇಟ್‌ನಲ್ಲಿ ಮೂರು ಹಂತ ನಡೆಯಿತು. ಮೊದಲು 1851ರಲ್ಲಿ ಮೇಲೆಫೆರ್ ಅನ್ನೋ ಫ್ರೆಂಚ್ ಎಂಜಿನಿಯರ್ ಕುಳಿ ಕೊರೆಯದೇ ಕೆಲಸ ಮಾಡಿದ. ಕೋವಿಮದ್ದು ತುಂಬಿದ ಡಬ್ಬಿಯನ್ನು ಬಂಡೆಯ ತಲೆಯ ಮೇಲೆ ಇಳಿಸಿ, ಬ್ಯಾಟರಿ ತಂತಿಯಿಂದ ಸಿಡಿಸೋದು. ಮೇಲಿರುವ ನೀರೇ ಮುಚ್ಚಳ. ಚೂಪಾದ ಕೊಂಬುಗಳು ಇದರಿಂದ ಮುರಿದವು. ಅಲ್ಲಿನ ಪಾಟ್ ರಾಕ್ ಅನ್ನೋ ಬಂಡೆಯ ತಲೆ ಎಷ್ಟೋ ಅಡಿ ತಗ್ಗಿತು. ಆದರೆ ಬಂಡೆ ಚಪ್ಪಟೆಯಾದ ಮೇಲೆ ಈ ವಿಧಾನ ದುಡ್ಡು ತಿನ್ನುತ್ತೆ, ಕಲ್ಲು ತಿನ್ನಲ್ಲ. ಮದ್ದಿನ ಶಕ್ತಿ ದಾರಿ ಸುಲಭ ಇರೋ ಕಡೆ, ಅಂದರೆ ನೀರಿನ ಕಡೆ ಹೋಗುತ್ತೆ. 1852ರಲ್ಲಿ ತಂತಿ ಅದಲುಬದಲಾಗಿ ಇನ್ನೂ ದೋಣಿಯಲ್ಲೇ ಇದ್ದ ಡಬ್ಬಿ ಸಿಡಿದು ಪ್ರಾಣಹಾನಿಯೂ ಆಯಿತು.

ಆಮೇಲೆ ಅಮೆರಿಕದ ಸೈನ್ಯದ ಎಂಜಿನಿಯರ್ ಜಾನ್ ನ್ಯೂಟನ್ ಬಂದ. ಅವನು ದೋಣಿ ಮೇಲಿಂದ ಡ್ರಿಲ್ ಮಾಡಿಯೂ ನೋಡಿದ, ಹಾಯುವ ಹಡಗುಗಳು ಬಂದು ಅದಕ್ಕೇ ಗುದ್ದುತ್ತಿದ್ದವು. ದೊಡ್ಡ ಬಂಡೆಗಳಿಗೆ ಸುರಂಗ ಅಂತ ತೀರ್ಮಾನ ಆಯಿತು. 1869ರಲ್ಲಿ ಶುರು ಮಾಡಿ, 1876ರ ಸೆಪ್ಟೆಂಬರ್ 24ಕ್ಕೆ ಹ್ಯಾಲೆಟ್ಸ್ ಪಾಯಿಂಟ್ ಬಂಡೆ ಹಾರಿಸಿದ, ಸುಮಾರು 50,000 ಪೌಂಡ್ ಮದ್ದು. 1885ರ ಅಕ್ಟೋಬರ್ 10ಕ್ಕೆ ಒಂಬತ್ತು ಎಕರೆಯ ಫ್ಲಡ್ ರಾಕ್, ಸುಮಾರು 2,83,000 ಪೌಂಡ್. ಟನ್ ಲೆಕ್ಕದಲ್ಲಿ 128.

ಈಗ ನೋಡಿ. ಒಂಬತ್ತು ಎಕರೆಗೆ 128 ಟನ್ ಸಾಕಾಯಿತು, ರಿಪಲ್ ರಾಕಿನ ಎರಡು ತಲೆಗೆ 1,270 ಟನ್. ಹತ್ತು ಪಟ್ಟು. ಯಾಕೆ?

ಸೊನ್ನೆಮೂರು:
ಅದನ್ನೇ ಕೇಳಿದ್ದು ನಾವು. ಸಸ್ಪೆನ್ಸ್ ಬೇಡ ಗುರು.

ಕಲ್ಲುಕುಳಿ:
ಹೆಲ್ ಗೇಟ್‌ನಲ್ಲಿ ಬಂಡೆಯನ್ನು ಬಿರುಕು ಬಿಡಿಸಿದರೆ ಸಾಕಿತ್ತು. ಒಳಗೆಲ್ಲ ಓಣಿ ಕೊರೆದು, ಮೇಲಿನ ಚಾವಣಿಯನ್ನು ಹೊತ್ತು ನಿಲ್ಲೋಕೆ ಕಲ್ಲಿನ ಕಂಬ ಬಿಟ್ಟಿದ್ದರು. ಕಂಬಕ್ಕೂ ಚಾವಣಿಗೂ ಕುಳಿ ಹೊಡೆದು ತೋಟೆ ತುಂಬಿದರು. ಸಿಡಿಸಿದಾಗ ಕಂಬ ಪುಡಿ, ಚಾವಣಿ ಕೆಳಗಿನ ಟೊಳ್ಳಿಗೆ ಕುಸೀತು. ಆಮೇಲೆ ವರ್ಷಗಟ್ಟಲೆ ದೋಣಿಯ ಮೇಲಿನ ಕ್ರೇನಿಂದ ಆ ಚೂರುಗಳನ್ನು ಎತ್ತಿ ತೆಗೆದರು. ಸೆಳೆತ 5 ನಾಟ್ ಆಸುಪಾಸು, ಕಷ್ಟಪಟ್ಟು ದೋಣಿ ನಿಲ್ಲಿಸಬಹುದು.

ಸೀಮೋರ್‌ನಲ್ಲಿ ಕ್ರೇನ್ ನಿಲ್ಲೋಕೆ ಜಾಗವೇ ಇಲ್ಲ. ಡ್ರಿಲ್ ಬಾರ್ಜ್ ನಿಲ್ಲದ ಕಡೆ ಹೂಳೆತ್ತುವ ಬಾರ್ಜ್ ಹೇಗೆ ನಿಲ್ಲುತ್ತೆ? ಬಂಡೆ ಒಡೆದು ಅಲ್ಲೇ ಗುಡ್ಡೆ ಬಿದ್ದರೆ ಮತ್ತೆ ಅದೇ ಬಂಡೆ, ಚೂರಾದ ಬಂಡೆ ಅಷ್ಟೇ. ಹಾಗಾಗಿ ಒಂದೇ ಏಟಿಗೆ ಎತ್ತಿ ಅಕ್ಕಪಕ್ಕದ ಆಳಕ್ಕೆ ಎಸೆಯಬೇಕು. ಒಡೆಯೋಕೆ ಬೇಕಾದ ಮದ್ದು ಬೇರೆ, ಎಸೆಯೋಕೆ ಬೇಕಾದ ಮದ್ದು ಬೇರೆ. ಅದೂ ತಲೆ ಮೇಲೆ ನೀರು ಹೊತ್ತ ಕಲ್ಲನ್ನು.

ಅಂಕಿ ಹೇಳ್ತೀನಿ. ಮೇಲೆದ್ದದ್ದು ಕಲ್ಲು ನೀರು ಎಲ್ಲ ಸೇರಿ 6,35,000 ಟನ್. ಭಾಗಿಸಿದರೆ ಒಂದು ಟನ್ನಿಗೆ 2 ಕೆ.ಜಿ. ಮದ್ದು. ಸಾಮಾನ್ಯ ಜಲ್ಲಿ ಕ್ವಾರಿಯಲ್ಲಿ ಟನ್ನಿಗೆ 200 ಗ್ರಾಂ ಆಸುಪಾಸು ಸಾಕು. ನೆಲದ ಮೇಲಿನ ಇಂಥದೇ ಸ್ಫೋಟಕ್ಕೆ ಬೇಕಾದ್ದರ ಹತ್ತು ಪಟ್ಟು ಹಾಕಿದ್ದರು ಅಂತ ಆಗಲೇ ಅಂದಾಜು ಮಾಡಿದ್ದರು, ಲೆಕ್ಕ ಸರಿಯಾಗೇ ಕೂರುತ್ತೆ.

ನಕ್ಷೆಹುಚ್ಚ:
ಈಗ ತಲೆಗೆ ಹೋಯ್ತು. ಮೇಲಿಂದ ಕೊರೆಯೋಕೆ ಆಗಲ್ಲ ಅನ್ನೋದಕ್ಕಿಂತ, ಆಮೇಲೆ ಎತ್ತೋಕೂ ಆಗಲ್ಲ ಅನ್ನೋದು ದೊಡ್ಡ ಕಾರಣ. ಇದು ಹೊಳೆದಿರಲಿಲ್ಲ.

ಗಣಿಗನ್ನಡಿ:
ಸುರಂಗದ ಕಡೆಯಿಂದ ಸ್ವಲ್ಪ ಹೇಳ್ತೀನಿ, ಅದು ಯಾರೂ ಮುಟ್ಟಲಿಲ್ಲ.

ಪಕ್ಕದ ದ್ವೀಪ ಅಂದ್ರಲ್ಲ, ಆ ಮೌಡ್ ದ್ವೀಪದಲ್ಲಿ 174 ಮೀಟರ್ ನೇರ ಬಾವಿ. ಅಲ್ಲಿಂದ ಅಡ್ಡ 762 ಮೀಟರ್ ಸುರಂಗ, ಬಂಡೆಯ ಬುಡಕ್ಕೆ. ಬುಡದಿಂದ ಎರಡು ತಲೆಗಳ ಒಳಕ್ಕೆ 91 ಮೀಟರಿನ ಎರಡು ಏರುಬಾವಿ. ಅವುಗಳಿಂದ ಕವಲು ಕವಲಾಗಿ ಸಣ್ಣ ಸಣ್ಣ ಬಿಲ, ಮದ್ದು ತುಂಬೋಕೆ. ಇಂಗ್ಲಿಷಿನಲ್ಲಿ ಇಂಥ ಬಿಲಕ್ಕೆ ಕಯೋಟಿ ಅಂತ ಅಲ್ಲಿನ ಒಂದು ಜಾತಿ ತೋಳದ ಹೆಸರಿಟ್ಟಿದ್ದಾರೆ. ನಮ್ಮ ಕಡೆ ನರಿಬಿಲ ಅಂದರೆ ಸರಿಹೋಗುತ್ತೆ. 1955ರ ನವೆಂಬರಿನಿಂದ 1958ರ ಏಪ್ರಿಲ್ ತನಕ, ಸರಾಸರಿ 75 ಜನ, ದಿನಕ್ಕೆ ಮೂರು ಪಾಳಿ.

ಏರುಬಾವಿಯ ಅನುಕೂಲ ಏನಂದ್ರೆ ಒಡೆದ ಕಲ್ಲು ತಾನೇ ಕೆಳಗೆ ಬೀಳುತ್ತೆ, ಎತ್ತೋ ಕೆಲಸ ಇಲ್ಲ. ಅನನುಕೂಲ ಎರಡು. ಸಿಡಿಸಿದ ಮೇಲಿನ ಹೊಗೆ ಮೇಲೇ ಕಟ್ಟಿಕೊಳ್ಳುತ್ತೆ, ಗಾಳಿ ಊದಿ ತೆಗೆಯದೆ ಯಾರೂ ಹತ್ತೋ ಹಾಗಿಲ್ಲ. ಮತ್ತೆ ಪ್ರತಿ ಸುತ್ತು ಸಿಡಿಸಿದಾಗಲೂ ತಲೆ ಮೇಲಿನ ಕಲ್ಲಿನ ದಪ್ಪ ಕಮ್ಮಿ ಆಗ್ತಾ ಬರುತ್ತೆ, ಅದರಾಚೆ ಸಮುದ್ರ. ನೀರಡಿ ಕೆಲಸದಲ್ಲಿ ಇದಕ್ಕೆ ಇರೋ ಕ್ರಮ: ಮುಖಕ್ಕೆ ಮದ್ದು ಇಡೋ ಮೊದಲು ಮುಂದಕ್ಕೆ ಉದ್ದನೆಯ ಸಣ್ಣ ಕುಳಿ ಕೊರೆದು ನೋಡಬೇಕು. ನೀರು ಚಿಮ್ಮಿದರೆ ಸಿಮೆಂಟ್ ಹಾಲು ಒತ್ತಡದಲ್ಲಿ ತಳ್ಳಿ ಬಿರುಕು ಮುಚ್ಚಿ, ಗಟ್ಟಿಯಾದ ಮೇಲೆ ಮುಂದಕ್ಕೆ ಹೋಗಬೇಕು. 100 ಮೀಟರ್ ನೀರಿನಡಿ ಒತ್ತಡ ಚದರ ಸೆಂಟಿಮೀಟರಿಗೆ 10 ಕೆ.ಜಿ., ಬೆರಳಗಲ ಕುಳಿಯಿಂದ ಬರೋ ನೀರೂ ಮನುಷ್ಯನನ್ನ ಬೀಳಿಸುತ್ತೆ.

ಸೊನ್ನೆಮೂರು:
ಸುರಂಗ ಸಮುದ್ರದಡಿ ಅಂದ್ರಲ್ಲ, ಅಲ್ಲಿ ಕಲ್ಲೇ ಇಲ್ಲದೆ ಮಧ್ಯೆ ಬರೀ ಮಣ್ಣು ಮರಳು ಸಿಕ್ಕಿದ್ರೆ?

ಗಣಿಗನ್ನಡಿ:
@ಸೊನ್ನೆಮೂರು ಒಳ್ಳೆ ಪ್ರಶ್ನೆ. ಅದಕ್ಕೇ 1953ರಲ್ಲಿ ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಮೊದಲು ಇದು ಸಾಧ್ಯವಾ ಅಂತ ಅಧ್ಯಯನ ಮಾಡಿಸಿದ್ದು. ವಜ್ರದ ಮೊನೆಯ ಟೊಳ್ಳು ಡ್ರಿಲ್ಲಿನಿಂದ ಕಲ್ಲಿನ ಕಡ್ಡಿ ತೆಗೆದು ನೋಡಿದರೆ ದಾರಿಯುದ್ದಕ್ಕೂ ಗಟ್ಟಿ ಕಲ್ಲು ಇದೆಯಾ ಅಂತ ಗೊತ್ತಾಗುತ್ತೆ. ಮರಳು ತುಂಬಿದ ಹಳೇ ಕೊರಕಲು ಅಡ್ಡ ಬಂದಿದ್ರೆ ಯೋಜನೆ ಅಲ್ಲಿಗೇ ಬಿಡಬೇಕಿತ್ತು.

ಮಲ್ಲಿಗೆಹಂಬು:
ಎರಡೂವರೆ ವರ್ಷ ಕೊರೆದು ಕೆಲವೇ ಸೆಕೆಂಡಲ್ಲಿ ಮುಗೀತಾ.

ಏರಿಳಿತ:
@ಮಲ್ಲಿಗೆಹಂಬು ಬೆಳಿಗ್ಗೆ 9 ಗಂಟೆ 31 ನಿಮಿಷ 2 ಸೆಕೆಂಡಿಗೆ ಸಿಡಿಸಿದ್ದು. ಚೂರು 300 ಮೀಟರ್ ಎತ್ತರ ಹಾರಿ ಎರಡೂ ದಡಕ್ಕೆ ಬಿತ್ತು. ಪೊಲೀಸರು ಮೊದಲೇ ಸುತ್ತ ಮೂರು ಮೈಲಿ ಜನರನ್ನ ಖಾಲಿ ಮಾಡಿಸಿದ್ರು. ಎಂಜಿನಿಯರುಗಳು, ಟಿ.ವಿ. ತಂಡ ಬಂಕರ್ ಒಳಗೆ. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿ.ಬಿ.ಸಿ. ಇದನ್ನ ದೇಶಕ್ಕೆಲ್ಲ ನೇರ ಪ್ರಸಾರ ಮಾಡಿತು, ಕೆನಡಾದಲ್ಲಿ ಅಂಥ ಪ್ರಸಾರಗಳು ಆಗಷ್ಟೇ ಶುರುವಾಗಿದ್ದ ಕಾಲ. ತಲೆಗಳು ಇಳಿತದ ಮಟ್ಟದಿಂದ ಸುಮಾರು 14 ಮೀಟರ್ ಕೆಳಗೆ ಹೋದವು.

ವೀರಭದ್ರ_ಗೇಜು:
ಇದು ಜಗತ್ತಿನ ಅತಿ ದೊಡ್ಡ ಅಣ್ವಸ್ತ್ರವಲ್ಲದ ಸ್ಫೋಟ ಅಲ್ವಾ?

ಕಲ್ಲುಕುಳಿ:
@ವೀರಭದ್ರ_ಗೇಜು ಅಲ್ಲ. ಅತಿ ದೊಡ್ಡವುಗಳಲ್ಲಿ ಒಂದು ಅನ್ನಿ. 1947ರ ಏಪ್ರಿಲ್ 18ರಂದು ಜರ್ಮನಿಯ ಹೆಲ್ಗೊಲ್ಯಾಂಡ್ ದ್ವೀಪದಲ್ಲಿ ಬ್ರಿಟಿಷರು ಸುಮಾರು 6,700 ಟನ್ ಹಳೇ ಯುದ್ಧಸಾಮಗ್ರಿ ಸಿಡಿಸಿದ್ದರು, ಇದರ ಐದು ಪಟ್ಟು. ಫ್ಲಡ್ ರಾಕ್ ಬಗ್ಗೆಯೂ ಇಂಥದೇ ಮಾತು ಓಡಾಡುತ್ತೆ, ಅಣುಬಾಂಬ್ ಬರೋ ತನಕ ಅದೇ ದೊಡ್ಡದು ಅಂತ. ಅದೂ ಸರಿಯಲ್ಲ, 1917ರಲ್ಲಿ ಒಂದನೇ ಮಹಾಯುದ್ಧದ ಮೆಸೀನ್ ಕಾಳಗದಲ್ಲಿ ಜರ್ಮನ್ ಸಾಲಿನ ಅಡಿ ಇಟ್ಟ ಸುರಂಗಮದ್ದು 400 ಟನ್ನಿಗೂ ಹೆಚ್ಚು. ದಾಖಲೆ ಹೇಳೋರು ಯಾವ ಪಟ್ಟಿ ಅಂತಾನೂ ಹೇಳಬೇಕು.

ಹಳೇಬಂದರು:
ಫ್ಲಡ್ ರಾಕಿಗೆ ಹಾಕಿದ್ದು ಡೈನಮೈಟಾ?

ಕಲ್ಲುಕುಳಿ:
@ಹಳೇಬಂದರು ಮುಖ್ಯವಾಗಿ ರ‍್ಯಾಕರಾಕ್, ಸುಮಾರು 2,40,000 ಪೌಂಡ್. ಡೈನಮೈಟ್ ಉಳಿದ 42,000 ಚಿಲ್ಲರೆ. ರ‍್ಯಾಕರಾಕ್ ಅಂದರೆ ಪೊಟ್ಯಾಸಿಯಂ ಕ್ಲೋರೇಟ್ ಪುಡಿಗೆ ನೈಟ್ರೋಬೆಂಜೀನ್ ಎಣ್ಣೆ ಕುಡಿಸಿದ್ದು. ಬೇರೆ ಬೇರೆ ಇರೋವಾಗ ಎರಡೂ ಸಾಧು, ಸಾಗಿಸೋಕೆ ಭಯ ಇಲ್ಲ, ಡೈನಮೈಟಿಗಿಂತ ಅಗ್ಗ. ಸ್ಥಳದಲ್ಲಿ ಬೆರೆಸಿ ತೆಳು ತಾಮ್ರದ ಕೊಳವೆಗೆ ತುಂಬೋದು.

ತಾಪತ್ರಯ ಏನಂದ್ರೆ ಅದು ಜಡ, ಸುಲಭಕ್ಕೆ ಸಿಡಿಯಲ್ಲ. ಹಾಗಾಗಿ ಪ್ರತಿ ಕುಳಿಯ ಬಾಯಲ್ಲಿ ಒಂದು ಡೈನಮೈಟ್ ತೋಟೆ. ಕುಳಿಗಳು ಹತ್ತು ಸಾವಿರದ ಮೇಲೆ, ಅಷ್ಟಕ್ಕೂ ತಂತಿ ಎಳೆದರೆ ಒಂದು ಜೋಡಣೆ ತಪ್ಪಿದರೂ ಇಡೀ ವಿದ್ಯುತ್ ಮಂಡಲ ಸತ್ತಂತೆ. ಅದಕ್ಕೆ ಕೆಲವು ನೂರು ತೋಟೆಗೆ ಮಾತ್ರ ತಂತಿ ಕೊಟ್ಟು, ಸಿಡಿಸುವ ಮೊದಲು ಓಣಿಗಳಿಗೆಲ್ಲ ನೀರು ಬಿಟ್ಟರು. ಒಂದರ ಆಘಾತ ನೀರಿನ ಮೂಲಕ ಇನ್ನೊಂದಕ್ಕೆ ತಗುಲಿ ಎಲ್ಲವೂ ಒಟ್ಟಿಗೆ ಸಿಡಿದವು. ನೀರು ಅಲ್ಲಿ ಎರಡು ಕೆಲಸ ಮಾಡಿತು, ಮುಚ್ಚಳವೂ ಅದೇ, ತಂತಿಯೂ ಅದೇ.

ಗಣಿಗನ್ನಡಿ:
ಸೇರಿಸ್ತೀನಿ: ಹೆನ್ರಿ ಅಬಟ್ ಅನ್ನೋ ಸೈನ್ಯಾಧಿಕಾರಿ ಹೆಲ್ ಗೇಟ್‌ನ 1876, 1885ರ ಎರಡೂ ಸ್ಫೋಟಗಳಲ್ಲಿ ದೂರದೂರದಲ್ಲಿ ಪಾದರಸದ ತಟ್ಟೆ ಇಟ್ಟು, ಅದರ ಮೈಮೇಲಿನ ನಡುಕವನ್ನು ದುರ್ಬೀನಿನಲ್ಲಿ ನೋಡಿಸಿ, ನೆಲದೊಳಗೆ ಕಂಪನ ಎಷ್ಟು ವೇಗದಲ್ಲಿ ಹೋಗುತ್ತೆ ಅಂತ ಅಳೆಸಿದ. ಭೂಕಂಪ ವಿಜ್ಞಾನಕ್ಕೆ ಪುಕ್ಕಟೆ ಪ್ರಯೋಗ.

ವೀರಭದ್ರ_ಗೇಜು:
ಗುಂಡಿ ಒತ್ತಿದ್ದು ನ್ಯೂಟನ್ನನ ಮಗಳು ಮೇರಿ ಅಂತಲ್ಲ. 1876ರಲ್ಲಿ ಎರಡು ವರ್ಷದ ಕೂಸು! 1885ರಲ್ಲೂ ಅವಳೇ.

ಸೊನ್ನೆಮೂರು:
ಇವತ್ತಾಗಿದ್ರೆ ಅಪ್ಪನ ಕೆಲಸ ಹೋಗ್ತಿತ್ತು.

ಚಿತ್ತಾರಪೇಟೆ:
ನಮ್ಮಲ್ಲಿ ಸೇತುಸಮುದ್ರಂ ಕಾಲುವೆ ಮಾಡೋಕೆ ಇಷ್ಟೆಲ್ಲ ಗಲಾಟೆ ಆಯ್ತಲ್ಲ, ಅದಕ್ಕೂ ಹೀಗೇ ಸುರಂಗ ಹೊಡೀಬಹುದಿತ್ತಲ್ವಾ?

ಏರಿಳಿತ:
@ಚಿತ್ತಾರಪೇಟೆ ರಾಜಕೀಯ ಪಕ್ಕಕ್ಕಿಡಿ, ಆ ಚರ್ಚೆ ಬೇರೆ ಕಡೆ ಇದೆ. ತಾಂತ್ರಿಕವಾಗಿ ಮಾತ್ರ ಹೇಳ್ತೀನಿ: ಅದು ಒಂಟಿ ಬಂಡೆಯಲ್ಲ, ಆಳ ಕಮ್ಮಿಯ ಕಡೆ ಉದ್ದಕ್ಕೂ ಹಾದಿ ತೋಡಬೇಕಾದ ಹೂಳೆತ್ತುವ ಕೆಲಸ. ಮರಳು ವಾಪಸ್ ಬರುತ್ತೆ, ವರ್ಷ ವರ್ಷ ತೆಗೀತಾ ಇರಬೇಕು. ಬಂಡೆ ಒಂದು ಸಲ ಹೋದರೆ ಹೋಯ್ತು.

ಹಳೇಬಂದರು:
ನಮ್ಮ ಮಂಗಳೂರು ಹಳೇ ಬಂದರಿನ ಅಳಿವೆಬಾಗಿಲಲ್ಲೂ ಅದೇ ಪಾಡು. ನೇತ್ರಾವತಿ, ಗುರುಪುರ ಎರಡೂ ಹೊಳೆ ಮರಳು ತಂದು ಹಾಕ್ತವೆ, ಸಮುದ್ರ ಅದನ್ನು ಬಾಗಿಲಿಗೇ ತಳ್ತದೆ. ಅಲ್ಲಿ ಮದ್ದು ಇಟ್ಟು ಏನು ಮಾಡುವುದು?

ಚಿತ್ತಾರಪೇಟೆ:
ಸರಿ, ಅರ್ಥ ಆಯ್ತು. ಹಾಗಾದ್ರೆ ನಿಜವಾದ ನದಿಯ ಬಂಡೆ ಸಿಡಿಸಿದರೆ ಏನು ತೊಂದರೆ? ಯಾರೂ ಹೇಳಲಿಲ್ಲ.

ಏರಿಳಿತ:
ನದಿಯಲ್ಲಿ ಬಂಡೆಸಾಲು ಒಂದು ಕಟ್ಟೆಯ ಥರ ಕೆಲಸ ಮಾಡ್ತಿರುತ್ತೆ, ಮೇಲ್ಗಡೆ ಮಡುವಲ್ಲಿ ನೀರು ನಿಂತಿರೋದು ಅದರಿಂದ. ಅದನ್ನು ತೆಗೆದರೆ ಮೇಲಿನ ನೀರಿನ ಮಟ್ಟ ಇಳಿಯುತ್ತೆ, ಹರಿವು ಜೋರಾಗಿ ದಡ ಕೊರೆಯುತ್ತೆ, ಬೇಸಿಗೆಯಲ್ಲಿ ಮೀನು ಉಳಿಯೋ ಮಡು ಬತ್ತುತ್ತೆ. ಮೆಕಾಂಗ್ ನದಿಯಲ್ಲಿ ಥಾಯ್ಲೆಂಡ್, ಲಾವೋಸ್ ಗಡಿಯ ಬಂಡೆಗಳನ್ನು ಚೀನಾದ ದೊಡ್ಡ ಸರಕು ದೋಣಿಗಳಿಗಾಗಿ ಸಿಡಿಸೋ ಯೋಜನೆ ಇತ್ತು. ದಡದ ಜನ ವರ್ಷಗಟ್ಟಲೆ ವಿರೋಧಿಸಿದರು, 2020ರ ಫೆಬ್ರವರಿಯಲ್ಲಿ ಥಾಯ್ ಸಂಪುಟ ಕೈಬಿಟ್ಟಿತು. ಸೀಮೋರ್‌ನಲ್ಲಿ ಎರಡೂ ಕಡೆ ಸಮುದ್ರ, ಅಲ್ಲಿ ಈ ಚಿಂತೆ ಇರಲಿಲ್ಲ.

ವೀರಭದ್ರ_ಗೇಜು:
ರಿಪಲ್ ರಾಕಿಗೂ ವಿರೋಧ ಇತ್ತು, ಮೀನಿಗಾಗಿ ಅಲ್ಲ, ಸೇತುವೆಗಾಗಿ. ವ್ಯಾಂಕೂವರ್ ದ್ವೀಪಕ್ಕೆ ಮುಖ್ಯ ಭೂಮಿಯಿಂದ ರೈಲು ತರೋದಾದರೆ ನಡುವಿನ ಕಂಬ ಕೂರಿಸೋಕೆ ಆ ಬಂಡೆಯೇ ಅಡಿಪಾಯ ಅಂತ ಒಂದು ಗುಂಪು ಹಟ ಹಿಡಿದಿತ್ತು. 1931ರಲ್ಲೇ ತೆಗೀಬೇಕು ಅಂತ ಶಿಫಾರಸು ಬಂದರೂ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 1942ರಲ್ಲಿ.

ಸೊನ್ನೆಮೂರು:
ಹಡಗು ಒಡೆಯೋ ಬಂಡೆ ಮೇಲೆ ಸೇತುವೆ ಕಂಬ. ಆಗ ಹಡಗು ಕಂಬಕ್ಕೂ ಗುದ್ದಿ, ಮೇಲಿನ ರೈಲೂ ನೀರಿಗೆ. ಎರಡು ಅಪಘಾತ ಒಂದೇ ಟಿಕೆಟಲ್ಲಿ.

ಮಲ್ಲಿಗೆಹಂಬು:
😂😂

ನಕ್ಷೆಹುಚ್ಚ:
ಬಂಡೆ ಹೋದ ಮೇಲೆ ಅಲ್ಲಿ ಅಪಘಾತ ನಿಂತವಾ?

ಏರಿಳಿತ:
ನಡುವಿನ ಬಂಡೆಗೆ ಬಡಿಯೋದು ನಿಂತಿತು. ಸೆಳೆತ ಹೋಗಲಿಲ್ಲ, ಇಕ್ಕಟ್ಟೂ ಹೋಗಲಿಲ್ಲ. 1984ರ ಜೂನ್‌ನಲ್ಲಿ ಅಲಾಸ್ಕಾ ಕಡೆ ಹೊರಟಿದ್ದ ಸನ್‌ಡಾನ್ಸರ್ ಅನ್ನೋ ಪ್ರವಾಸಿ ಹಡಗು ಅದೇ ಮೌಡ್ ದ್ವೀಪಕ್ಕೆ ತಾಗಿ ಹೊಟ್ಟೆ ಸೀಳಿಕೊಂಡಿತು. ಹೇಗೋ ಹತ್ತಿರದ ಧಕ್ಕೆಗೆ ತಲುಪಿ ಅಲ್ಲೇ ವಾಲಿ ಕುಳಿತಿತು. ಈಗಲೂ ದೊಡ್ಡ ಹಡಗುಗಳು ನೀರು ನಿಲ್ಲುವ ಹೊತ್ತು ನೋಡಿಕೊಂಡೇ ದಾಟೋದು. ವೇಗ ಕಮ್ಮಿ ಇರೋ ದೋಣಿಗಂತೂ ಬೇರೆ ದಾರಿಯೇ ಇಲ್ಲ, 8 ನಾಟ್ ದೋಣಿ 15 ನಾಟ್ ಸೆಳೆತಕ್ಕೆ ಎದುರಾದರೆ ಮುಂದೆ ಮುಖ ಮಾಡಿ ಹಿಂದಕ್ಕೆ ಹೋಗುತ್ತೆ.

ಹಳೇಬಂದರು:
ಫ್ಲಡ್ ರಾಕಿನ ಕಲ್ಲು ಎಲ್ಲಿ ಹೋಯ್ತು ಅಂತ ಯಾರಿಗಾದ್ರೂ ಗೊತ್ತುಂಟಾ? ಎತ್ತಿದ್ದು ಅಂದ್ರಲ್ಲ.

ಕಲ್ಲುಕುಳಿ:
@ಹಳೇಬಂದರು ಪಕ್ಕದಲ್ಲೇ ಇದೆ. ಗ್ರೇಟ್ ಮಿಲ್ ರಾಕ್, ಲಿಟಲ್ ಮಿಲ್ ರಾಕ್ ಅಂತ ಎರಡು ಪುಟ್ಟ ದ್ವೀಪ ಇದ್ದವು, ನಡುವಿನ ಸಂದಿಗೆ ಆ ಕಲ್ಲು ಸುರಿದು 1890ರಲ್ಲಿ ಒಂದು ಮಾಡಿದರು. ಈಗಿನ ನಕ್ಷೆಯಲ್ಲಿ ಮಿಲ್ ರಾಕ್ ಅಂತ ಒಂದೇ ದ್ವೀಪ ಇರುತ್ತೆ, ಮ್ಯಾನ್‌ಹಾಟನ್ನಿನ 96ನೇ ಬೀದಿಯ ನೇರಕ್ಕೆ ಹುಡುಕಿ.

ನಕ್ಷೆಹುಚ್ಚ:
ಸಿಕ್ತು. ನಕ್ಷೆಯಲ್ಲಿ ನಾನು ಅದನ್ನು ಸಹಜ ದ್ವೀಪ ಅಂತಲೇ ಗುರುತು ಹಾಕಿದ್ದೆ, ಈಗ ತಿದ್ದುತ್ತೇನೆ.